ಹ್ಯಾಂಡಲ್ ಸಂದಿಗೊಂದು ಕೆಂಡ

ಮೆಕ್ಯಾನಿಕ್ಕು ವೈರನ್ನು ಹಲ್ಲಿನಲ್ಲಿ ಕಚ್ಚಿ ಸುಲಿಯುವುದನ್ನು ನೀವು ಹತ್ತಿರದಿಂದ ನೋಡಿದ್ದೀರಾ? ನಾನು ನೋಡಿದ್ದೇನೆ. ಪಿರಿಯಾಪಟ್ಟಣದ ಒಂದು ಶೆಡ್ಡಿನಲ್ಲಿ ನನ್ನ ಸ್ಕೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವನ ಬಾಯಲ್ಲಿ ಒಂದು ಕಡೆ ಹೊಗೆಸೊಪ್ಪು ಸುಣ್ಣದ ಉಂಡೆ, ಇನ್ನೊಂದು ಕಡೆ ನನ್ನ ಗಾಡಿಯ ವೈರು. ಕಚ್ಚಿ ಎಳೆದ. ಪ್ಲಾಸ್ಟಿಕ್ ಸಿಪ್ಪೆಯನ್ನು ಎಂಜಲಿನ ಸಮೇತ ನನ್ನ ಚಪ್ಪಲಿಯ ಪಕ್ಕಕ್ಕೇ ಉಗಿದ. ಒದ್ದೆಯಾದ ತಾಮ್ರದ ಎಳೆಗಳನ್ನು ಹೆಬ್ಬೆರಳಲ್ಲಿ ಹೊಸೆದು ಮೇಲೆ ಕರಿ ಟೇಪು ಸುತ್ತಿದ. ಟೇಪು ಹರಿದದ್ದೂ ಹಲ್ಲಿನಲ್ಲೇ. ಆಮೇಲೆ ಅದೇ ಕೈಯಿಂದ ನನ್ನ ಭುಜ ತಟ್ಟಿ, “ಆಯ್ತು ಕಣಕ್ಕೋ, ಇನ್ ನಿಮ್ ಗಾಡಿ ಜನ್ಮದಲ್ಲಿ ನಿಲ್ಲಕಿಲ್ಲ” ಎಂದ. ಥೂ! ಮನೆಗೆ ಬಂದು ಆ ಭುಜವನ್ನು ಸೀಗೆಪುಡಿ ಹಾಕಿ ತಿಕ್ಕಿದೆ.

ಗಾಡಿ ಆ ವಾರವೇ ನಿಂತಿತು. ಎಲ್ಲಾದರೂ ಮರದ ನೆರಳಲ್ಲಿ, ಜನವಿಲ್ಲದ ಕಡೆ ನಿಲ್ಲಬಾರದೆ? ಇಲ್ಲ. ಬೈಲಕುಪ್ಪೆಯ ಹತ್ತಿರ ಹೆದ್ದಾರಿ ಬಿಟ್ಟು ಟಿಬೆಟ್‌ನವರ ಕ್ಯಾಂಪಿಗೆ ಎಡಕ್ಕೆ ತಿರುಗುವ ಜಾಗವಿದೆಯಲ್ಲ, ಪ್ರವಾಸಿಗರ ಕಾರುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹಾರ್ನ್ ಹೊಡೆಯುವ ಜಾಗ, ಸರಿಯಾಗಿ ಅಲ್ಲೇ ನಿಂತಿತು. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಎಂಜಿನ್ ಸಾಯುತ್ತದೆ, ನೇರ ಮಾಡಿದರೆ ಜೀವ ಬರುತ್ತದೆ. ನೇರಕ್ಕೇ ಹೋಗುತ್ತಿದ್ದರೆ ಮಡಿಕೇರಿ ಗುಡ್ಡವನ್ನೂ ಹತ್ತಿಬಿಡುತ್ತಿತ್ತೇನೋ. ಕೆಲಸಕ್ಕೆ ಮಾತ್ರ ಹೋಗುವ ಹಾಗಿಲ್ಲ.

ನನ್ನ ವಿಷಯ ಒಂದಿಷ್ಟು ಹೇಳಬೇಕು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ನನ್ನ ಎಡಗಾಲು ಪೂರ್ತಿ ಹೋಯಿತು. ಬಲಗಾಲು ಹೊಲಿಗೆ ಮಿಷನ್ನಿನ ಪೆಡಲ್ ಒತ್ತುವಷ್ಟು ಉಳಿಯಿತು. ಅದನ್ನೇ ನಂಬಿಕೊಂಡು ಟೈಲರ್ ಆದೆ. ಪಿರಿಯಾಪಟ್ಟಣದ ಮಗ್ಗುಲಲ್ಲಿರುವ ನಮ್ಮ ಹಳ್ಳಿಯಿಂದ ದಿನಾ ಕ್ಯಾಂಪಿಗೆ ಹೋಗಿ, ಒಬ್ಬ ಟಿಬೆಟ್ ಹೆಂಗಸಿನ ಅಂಗಡಿಯಲ್ಲಿ ಭಿಕ್ಷುಗಳ ಕಡುಗೆಂಪು ವಸ್ತ್ರ, ಹೆಗಲಚೀಲ ಹೊಲಿಯುತ್ತೇನೆ. ಹೋಗುವುದು ಎರಡು ಪಕ್ಕಕ್ಕೂ ಸಣ್ಣ ಚಕ್ರ ಬೆಸೆದ ಸ್ಕೂಟರಿನಲ್ಲಿ. ಊರುಗೋಲನ್ನು ಸೀಟಿನ ಪಕ್ಕಕ್ಕೆ ಸಿಕ್ಕಿಸಿಕೊಂಡು ಹೊರಟರೆ ಲಾರಿಯವರೂ ದಾರಿ ಬಿಡುತ್ತಾರೆ. ಕರುಣೆಯಿಂದಲೋ ಹೆದರಿಕೆಯಿಂದಲೋ ನನಗೆ ಗೊತ್ತಿಲ್ಲ.

ಅಂಗಡಿಯ ಯಜಮಾನಿ ಕೊಡುವ ಉಪ್ಪು ಬೆಣ್ಣೆಯ ಚಹಾ ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ, ವಾಕರಿಕೆ ಬರುತ್ತದೆ. ಆದರೂ ಆ ಅಂಗಡಿ ನನಗೆ ಪ್ರಾಣ. ಯಾಕೆಂದರೆ ಅಲ್ಲಿ ನನ್ನನ್ನು ಯಾರೂ ‘ಪಾಪ’ ಅನ್ನುವುದಿಲ್ಲ. ಹೊಲಿಗೆ ಸೊಟ್ಟ ಹೋದರೆ ಬಿಚ್ಚಿ ಹೊಲಿ ಎಂದು ಮುಖಕ್ಕೆ ಎಸೆಯುತ್ತಾರೆ. ಊರಲ್ಲಿ ನನ್ನ ಹೊಲಿಗೆ ಎಷ್ಟು ಸೊಟ್ಟಗಿದ್ದರೂ, “ಪಾಪ, ಅಷ್ಟಾದ್ರೂ ಮಾಡ್ತಾಳಲ್ಲ” ಅನ್ನುತ್ತಾರೆ. ಆ ಮಾತು ಕೇಳಿದರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಗಾಡಿ ನಿಂತಾಗಲೆಲ್ಲ ನಾನು ಅಣ್ಣನಿಗೆ ಫೋನ್ ಮಾಡಬೇಕು. ಅವನು ಹೊಲದ ಕೆಲಸ ಬಿಟ್ಟು ಗೂಡ್ಸ್ ಆಟೊ ತರಬೇಕು. ದಾರಿಹೋಕರನ್ನು ಕರೆದು ಮೊದಲು ಸ್ಕೂಟರನ್ನು ಎತ್ತಿ ಹಾಕುತ್ತಾನೆ, ಆಮೇಲೆ ನನ್ನನ್ನು. ನಾನೇ ಹತ್ತುತ್ತೇನೆ, ಒಂದು ಗಳಿಗೆ ತಡಿ ಎಂದರೂ ಕೇಳುವುದಿಲ್ಲ. ಅಕ್ಕಿ ಮೂಟೆಯಂತೆ ಕಂಕುಳಿಗೆ ಕೈ ಹಾಕಿ ಎತ್ತಿಬಿಡುತ್ತಾನೆ, ಸೀರೆ ಮೊಣಕಾಲಿಗೆ ಬಂದಿರುತ್ತದೆ. ಸುತ್ತ ನಿಂತವರು, “ಅಣ್ಣ ಅಂದ್ರೆ ಇಂಗಿರ್ಬೇಕು ಕಣ್ಲಾ” ಅನ್ನುತ್ತಾರೆ. ಅವನು ಬೆವರು ಒರೆಸಿಕೊಂಡು ನಗುತ್ತಾನೆ. ಒಳ್ಳೆಯವನೇ. ಆ ನಗು ಮಾತ್ರ ನನಗೆ ಅಸಹ್ಯ.

ಕ್ಯಾಂಪಿನ ತಿರುವಿನಲ್ಲಿ ನಿಂತ ದಿನ, ಊಟಕ್ಕೆ ಕೂತಾಗ ಅವನು ತೀರ್ಪು ಕೊಟ್ಟ.

“ನೋಡಮ್ಮಿ, ನಂಗೂ ಸಾಕಾಗದೆ. ಇನ್ನೊಂದ್ ಕಿತ ಗಾಡಿ ನಿಂತ್ರೆ ಅಲ್ಲಿಗೆ ಮುಗೀತು. ಕೀ ನನ್ ತಾವ ಇರ್ತದೆ. ನೀನು ಮನೇಲಿ ಕೂತ್ಕಂಡು ಬ್ಲೌಸ್ ಒಲಿ. ಊರ್ ಎಂಗಸ್ರೆಲ್ಲ ಮನೆ ಬಾಗ್ಲಿಗೇ ಬತ್ತಾರೆ.”

ಅತ್ತಿಗೆ ಅವನ ತಟ್ಟೆಗೆ ಸಾರು ಬಡಿಸಿದಳು. ಅವ್ವನ ಮುಖ ನೋಡಿದೆ. ಅವ್ವ ಮುದ್ದೆ ಮುರಿಯುತ್ತ ತಲೆ ಎತ್ತಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಊರ ಹೆಂಗಸರ ಬೆವರಿನ ಕಲೆಯ ಬ್ಲೌಸುಗಳ ರಾಶಿ, ಕಿತ್ತುಹೋದ ಹುಕ್ಕು, ಜಗಲಿಯ ಮೇಲೆ ಕಾಲು ಚಾಚಿ ಕೂತು ನನ್ನ ಕಾಲನ್ನೇ ನೋಡುವ ಅವರ ಕಣ್ಣು. ಸಾಯುವ ತನಕ ಅದೇ. ತಟ್ಟೆಯನ್ನು ಪಕ್ಕಕ್ಕೆ ತಳ್ಳಿದೆ.

ಮರುದಿನವೇ ಗಾಡಿಯನ್ನು ಹುಣಸೂರಿಗೆ ಒಯ್ಯಿಸಿದೆ. ಅಲ್ಲಿಯವನು ಟೇಪಿನವನಲ್ಲ, ಸ್ವಲ್ಪ ಓದಿಕೊಂಡವನಂತೆ ಮಾತಾಡುವ ಆಟೊ ಎಲೆಕ್ಟ್ರಿಷಿಯನ್. ಕಾಯಿಲೆ ಏನು ಎಂಬುದನ್ನು ಅವನೇ ತೋರಿಸಿದ. ಹ್ಯಾಂಡಲ್ ತಿರುಗುವ ಕುತ್ತಿಗೆಯಲ್ಲಿ ವೈರುಗಳೆಲ್ಲ ಒಂದು ಕಂತೆಯಾಗಿ ಕೆಳಗಿಳಿಯುತ್ತವೆ. ತಿರುಗಿಸಿದಾಗಲೆಲ್ಲ ಬಗ್ಗಿ ಬಗ್ಗಿ ಒಂದು ವೈರಿನ ಒಳಗಿನ ತಾಮ್ರ ತುಂಡಾಗಿತ್ತು. ಟೇಪಿನ ಗೋಂದು ಬಿಸಿಲಿಗೆ ಕರಗಿ ಜಾರಿ, ಜಾಯಿಂಟು ಬಿಟ್ಟುಕೊಳ್ಳುತ್ತಿತ್ತು. “ಇದಕ್ಕೆ ಸ್ಲೀವ್ ಆಕ್ಬೇಕು ಕಣಕ್ಕ” ಎಂದ. ಸ್ಲೀವ್ ಎಂದರೆ ಪ್ಲಾಸ್ಟಿಕ್ಕಿನ ಸಣ್ಣ ಕೊಳವೆ. ಜಾಯಿಂಟಿನ ಮೇಲೆ ಸರಿಸಿ ಬಿಸಿ ತೋರಿಸಿದರೆ ಕುಗ್ಗಿ ವೈರನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ನೀರು ಹೋಗುವುದಿಲ್ಲ, ಜಾರುವುದಿಲ್ಲ. ಮಾತು ಕೇಳಿಯೇ ನನಗೆ ಅರ್ಧ ಜೀವ ಬಂತು.

ಆ ಅರ್ಧವನ್ನೂ ಅವನ ಬಿಸಿಗಾಳಿ ಗನ್ನು ತೆಗೆಯಿತು. ಎರಡು ಬೆರಳು ತೂರುವುದೇ ಕಷ್ಟವಾದ ಸಂದಿಗೆ ಅವನು ಲೋಟದಷ್ಟು ಅಗಲದ ಬಾಯಿಯ ಗನ್ನು ಹಿಡಿದು ಬುಸ್ಸೆಂದು ಊದಿದ. ಸ್ಲೀವ್ ಮುಂಭಾಗದಲ್ಲಿ ಕುಗ್ಗಿತು, ಹಿಂಭಾಗಕ್ಕೆ ಗಾಳಿ ತಾಗಲೇ ಇಲ್ಲ. ಪಕ್ಕದ ವೈರುಗಳು ಮೆತ್ತಗಾದವು, ಮುಂದಿನ ಪ್ಲಾಸ್ಟಿಕ್ ಹಲಗೆ ಹಪ್ಪಳದಂತೆ ಸೊಟ್ಟಗಾಯಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ. “ಏನೂ ಆಗಿಲ್ಲ ಬುಡಕ್ಕ” ಎಂದ. ಆಗಿತ್ತು. ಅವತ್ತಿನಿಂದ ಎಡಕ್ಕೆ ತಿರುಗಿದರೆ ಎಂಜಿನ್ ನಿಲ್ಲುತ್ತಿರಲಿಲ್ಲ, ಹಾರ್ನ್ ತಾನಾಗಿಯೇ ಕೂಗಿಕೊಳ್ಳುತ್ತಿತ್ತು. ಪ್ರಾರ್ಥನೆಗೆ ಹೊರಟ ಭಿಕ್ಷುಗಳ ಸಾಲಿನ ಹಿಂದೆ ನಾನು ಪೀಂ ಎಂದು ಕೂಗಿಸಿಕೊಂಡು ಹೋಗುವುದು! ಒಬ್ಬ ಮುದುಕ ಭಿಕ್ಷು ತಿರುಗಿ ನೋಡಿ ನಕ್ಕ. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಆ ಅರ್ಧ ಕುಗ್ಗಿದ ಸ್ಲೀವ್ ಯಾವತ್ತು ಜಾರುತ್ತದೋ ಎಂದು ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಜಾರಿದರೆ ಕೀ ಅಣ್ಣನ ಜೇಬಿಗೆ.

ಇನ್ನು ಇವರ ಕೈಗೆ ಗಾಡಿ ಕೊಟ್ಟರೆ ನನ್ನ ಹೆಸರು ಬೇರೆ ಇಡಿ ಎಂದುಕೊಂಡು ಹುಣಸೂರಿನ ಅಂಗಡಿಯೊಂದರಿಂದ ಒಂದು ಮೊಳ ಸ್ಲೀವ್, ಒಂದಿಷ್ಟು ವೈರು ತಂದೆ. ಭಾನುವಾರ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಕೂತೆ. ಮೊದಲು ಬ್ಯಾಟರಿಯ ವೈರು ಬಿಚ್ಚಿದೆ. ಆಮೇಲೆ ಮುಂದಿನ ಹಲಗೆ ತೆಗೆದೆ.

ಅಬ್ಬಾ, ಒಳಗಿನ ಹೊಲಸೇ! ಹಲ್ಲಿಯ ಮೊಟ್ಟೆಯ ಸಿಪ್ಪೆ, ಕಟ್ಟಿರುವೆಯ ಗೂಡು, ಗ್ರೀಸಿನಲ್ಲಿ ಅಂಟಿ ಒಣಗಿದ ಜಿರಳೆ. ಅದು ಹೋಗಲಿ, ಅವು ಪ್ರಾಣಿಗಳು. ಮಡಚಿ ತುರುಕಿದ್ದ ಗುಟ್ಕಾ ಕಾಗದ, ಒಂದು ಮೋಟು ಬೀಡಿ ಕೂಡ ಇತ್ತು. ನನ್ನ ಗಾಡಿಯ ಎದೆಯೊಳಗೆ ಯಾವನೋ ಬೀಡಿ ಆರಿಸಿ ಇಟ್ಟು ಹೋಗಿದ್ದಾನೆ. ಅವನ ವಂಶವನ್ನೆಲ್ಲ ಬಾಯಿಗೆ ಬಂದಂತೆ ಬೈದೆ. ಅವ್ವ ಪಕ್ಕದಲ್ಲಿ ಟಾರ್ಚ್ ಹಿಡಿದುಕೊಂಡು, “ಬುಡು ಕಣವ್ವ, ಗಂಡಸ್ರು” ಎಂದಳು.

ಹಳೆಯದನ್ನೆಲ್ಲ ಕಿತ್ತು, ವೈರಿಗೆ ಹೊಸ ತುಂಡು ಸೇರಿಸಿ, ಬಗ್ಗುವ ಜಾಗದಿಂದ ಜಾಯಿಂಟನ್ನು ಆಚೆಗೆ ಸರಿಸಿದೆ. ಅಷ್ಟು ಬುದ್ಧಿ ಹೊಲಿಗೆಯವಳಿಗೆ ಇರುತ್ತದೆ. ಬ್ಲೌಸಿನ ಕಂಕುಳು ಎಳೆಯುವ ಕಡೆ ಯಾರಾದರೂ ತುಂಡು ಬಟ್ಟೆಯ ಜೋಡಣೆ ಇಡುತ್ತಾರೆಯೇ? ಆದರೆ ಆಚೆಗೆ ಸರಿಸಿದ್ದರಿಂದ ಅದು ಇನ್ನೂ ಇಕ್ಕಟ್ಟಿಗೆ ಹೋಯಿತು. ಹಿಂದೆ ಕಬ್ಬಿಣದ ಕೊಳವೆ, ಎರಡು ಪಕ್ಕಕ್ಕೂ ಬೇರೆ ವೈರು, ಮುಂದೆ ಪ್ಲಾಸ್ಟಿಕ್ಕು. ಬಿಸಿ ಬೇಕು, ಆದರೆ ಅಲ್ಲಿಗೆ ಮಾತ್ರ, ಅಷ್ಟಕ್ಕೆ ಮಾತ್ರ. ಆ ಒಂದು ಬಿಸಿಗೆ ನಾನು ಪಟ್ಟ ಪಾಡು ಹೇಳತೀರದು.

ಮೊದಲು ಒಲೆ ಹಚ್ಚುವ ಲೈಟರ್ ಹಿಡಿದೆ. ಬೆಂಕಿ ನಾವು ಹೇಳಿದ ಕಡೆ ಹೋಗುತ್ತದೆಯೇ? ಅದು ಮೇಲಕ್ಕೇ ಹೋಗುವುದು. ಸ್ಲೀವ್ ಕೆಳಗೇ ಉಳಿಯಿತು, ಮೇಲಿದ್ದ ಬ್ರೇಕ್ ವೈರಿನ ಹೊದಿಕೆ ಕಪ್ಪಾಯಿತು, ಹೆಬ್ಬೆರಳಿಗೆ ಬೊಬ್ಬೆ ಬಂತು. ಮೇಣದಬತ್ತಿಯನ್ನು ಮಲಗಿಸಿ ಹಿಡಿದರೆ ಮೇಣ ಸುರಿಯಿತು. ಹಾರ್ನಿನ ಬುಡಕ್ಕೆ ಇಳಿದ ಮೇಣವನ್ನು ಸೂಜಿಯಿಂದ ಕೆದಕಿ ಕೆದಕಿ ಕಣ್ಣು ಹೋಯಿತು. ಒಗ್ಗರಣೆ ಸೌಟನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿಕೊಂಡು ಬಂದೆ. ಊರುಗೋಲು ಊರಿಕೊಂಡು ಅಡುಗೆಮನೆಯಿಂದ ಅಂಗಳಕ್ಕೆ ಬರುವಷ್ಟರಲ್ಲಿ ಸೌಟು ತಣ್ಣಗಾಗಿತ್ತು. ಅವ್ವನ ಕೈಗೆ ಕೊಟ್ಟು ಓಡಿಸಿದೆ. ಅವಳು ಓಡಿ ಬಂದ ರಭಸಕ್ಕೆ ಸೌಟು ಸೀಟಿಗೆ ತಾಗಿ ಅಲ್ಲೊಂದು ತೂತಾಯಿತು.

“ಅಯ್ಯೋ ನನ್ ಶಿವನೆ, ನಿನ್ ಗಾಡಿ ನಾನೇ ಸುಟ್ನಲ್ಲೇ!”

“ಹಾಳಾಗೋಗ್ಲಿ ಬುಡವ್ವ” ಎಂದೆ.

ಕೆ.ಆರ್. ನಗರದಲ್ಲಿರುವ ಮಾವನ ಮನೆಯಲ್ಲಿ ರೇಡಿಯೊ ರಿಪೇರಿ ಕಾಲದ ಕರೆಂಟಿನ ಬೆಸುಗೆ ಕಡ್ಡಿ ಬಿದ್ದಿತ್ತು. ಫೋನ್ ಮಾಡಿ ಅವತ್ತಿನ ಮಧ್ಯಾಹ್ನದ ಬಸ್ಸಿನಲ್ಲೇ ಅದನ್ನು ತರಿಸಿದೆ. ಕಡ್ಡಿ ಸಂದಿಗೇನೋ ಹೋಯಿತು. ಆದರೆ ಅದರ ಬಿಸಿ ತಾಗಿದರೆ ಉಂಟು, ತಾಗದಿದ್ದರೆ ಇಲ್ಲ. ತಾಗಿಸಿದೆ. ಸ್ಲೀವ್ ಕುಗ್ಗುವ ಬದಲು ತೂತಾಗಿ ಕಡ್ಡಿಗೆ ಅಂಟಿಕೊಂಡು ಕಪ್ಪು ಗೊಣ್ಣೆಯ ಹಾಗೆ ಇಳಿಯಿತು. ಇನ್ನೊಂದು ಸ್ಲೀವ್ ಹಾಕೋಣವೆಂದರೆ, ಅದನ್ನೂ ವೈರು ಕೂಡಿಸುವ ಮುಂಚೆಯೇ ಸರಿಸಿಟ್ಟುಕೊಳ್ಳಬೇಕಿತ್ತು, ನಾನು ಒಂದನ್ನೇ ಹಾಕಿ ಹೊಸೆದಿದ್ದೇನೆ! ನನ್ನ ತಲೆಗೆ ನಾನೇ ಹೊಡೆದುಕೊಂಡೆ. ಮತ್ತೆ ಎಲ್ಲ ಬಿಚ್ಚಬೇಕು.

ಕೊನೆಗೆ ದೇವರ ಗೂಡಿನ ಊದುಬತ್ತಿಯನ್ನೂ ಬಿಡಲಿಲ್ಲ. ಬೆಂಕಿ ಬೇಡ, ಕೆಂಡ ಬೇಕು ಎಂಬುದು ಅಷ್ಟರಲ್ಲಿ ಹೊಳೆದಿತ್ತು. ಮಲ್ಲಿಗೆ ವಾಸನೆಯ ಊದುಬತ್ತಿ. ಕೆಂಡ ಅಕ್ಕಿಕಾಳಿನಷ್ಟು. ಊದಿದರೆ ಒಳಗಿನ ಬಿದಿರು ಕಡ್ಡಿ ಭಗ್ಗೆಂದು ಹೊತ್ತಿಕೊಳ್ಳುತ್ತದೆ, ಸುಮ್ಮನಿದ್ದರೆ ಸ್ಲೀವ್ ಅಲುಗುವುದಿಲ್ಲ. ಸುಳ್ಳು ಮಲ್ಲಿಗೆಯ ಸೆಂಟು, ಸುಟ್ಟ ಪ್ಲಾಸ್ಟಿಕ್ಕು, ಗ್ರೀಸು, ಹಲ್ಲಿಮೊಟ್ಟೆ ಎಲ್ಲ ಸೇರಿದ ಆ ವಾಸನೆ ಮೂಗಿನಲ್ಲಿ ಕೂತುಬಿಟ್ಟಿತು. ಇವತ್ತಿಗೂ ಯಾರ ಮನೆಯ ಪೂಜೆಯಲ್ಲಿ ಮಲ್ಲಿಗೆ ಊದುಬತ್ತಿ ಹಚ್ಚಿದರೂ ನಾನು ಎದ್ದು ಹೊರಗೆ ಬರುತ್ತೇನೆ. ಭಕ್ತಿ ಕಡಿಮೆ ಎನ್ನುತ್ತಾರೆ. ಅಂದುಕೊಳ್ಳಲಿ.

ಆ ಭಾನುವಾರ ವೈರನ್ನು ಹಾಗೇ ಹೊಸೆದು ಬಟ್ಟೆ ಸುತ್ತಿಕೊಂಡು, ಸೋಮವಾರ ಜೀವ ಕೈಯಲ್ಲಿ ಹಿಡಿದು ಕೆಲಸಕ್ಕೆ ಹೋದೆ. ಹೆಗಲಚೀಲದ ನೈಲಾನ್ ಅಂಚು ಎಳೆ ಬಿಡದ ಹಾಗೆ ಸುಡುತ್ತ ಕೂತಿದ್ದೆ. ಟೈಲರುಗಳೆಲ್ಲ ಮಾಡುವ ಕೆಲಸ ಅದು. ಕತ್ತರಿಸಿದ ಅಂಚಿನ ಹತ್ತಿರ ಕೆಂಡ ಆಡಿಸಿದರೆ ನೈಲಾನ್ ಕರಗಿ ಮುಚ್ಚಿಕೊಳ್ಳುತ್ತದೆ. ಯಜಮಾನಿ ಬೆಳಿಗ್ಗೆ ಹಚ್ಚುವ ಅವರ ಧೂಪದ ಕಡ್ಡಿಯ ಮೋಟನ್ನೇ ನಾನು ವರ್ಷಗಳಿಂದ ಅದಕ್ಕೆ ಬಳಸುತ್ತಿದ್ದೆ. ಕಿರುಬೆರಳ ಗಾತ್ರ, ಒಳಗೆ ಬಿದಿರಿಲ್ಲ, ಸೆಂಟಿಲ್ಲ, ಬರೀ ಗಿಡಮೂಲಿಕೆಯ ಪುಡಿ. ಕೆಂಡ ಅಗಲ, ಹದ, ಹೊತ್ತಿ ಉರಿಯುವ ಮಾತೇ ಇಲ್ಲ. ಕೈ ಅಲ್ಲೇ ನಿಂತಿತು. ಮೂಗಿನ ಮುಂದೆ ಇಟ್ಟುಕೊಂಡು ಊರೆಲ್ಲ ಹುಡುಕಿದ್ದೇನಲ್ಲ!

“ಅಮ್ಮ, ಇದ್ರಲ್ಲಿ ಒಂದ್ ಕಟ್ಟು ನಂಗ್ ಬೇಕು” ಎಂದೆ.

“ಪೂಜೆಗಾ?” ಎಂದು ಯಜಮಾನಿ ಕೇಳಿದಳು.

“ಗಾಡಿಗೆ.”

“ಗಾಡಿಗೆ ಪೆಟ್ರೋಲ್ ಹಾಕ್ತಾರೆ, ಅಕ್ಕ” ಎಂದಳು. ಆದರೂ ಕೊಟ್ಟಳು.

ಅವತ್ತೇ ಸಂಜೆ, ಬೆಳಕಿರುವಾಗಲೇ ಕೂತೆ. ಕಡ್ಡಿಯನ್ನು ಮೋಟಾಗಿ ಮುರಿದು, ದಾರ ಕೀಳುವ ಚಿಮಟದಲ್ಲಿ ಕಚ್ಚಿಸಿ ಸಂದಿಯೊಳಗೆ ತೂರಿಸಿದೆ. ಬಾಯಿ ಅಲ್ಲಿಗೆ ಹೋಗುವುದಿಲ್ಲ, ಆದ್ದರಿಂದ ಎಳನೀರಿನ ಸ್ಟ್ರಾದಿಂದ ಮೆಲ್ಲಗೆ ಊದಿದೆ. ಕೆಂಡ ಕೆಂಪಾಗಿ, ಬಿಟ್ಟರೆ ಬೂದಿಯಾಗಿ, ಹೇಳಿದ ಮಾತು ಕೇಳಿತು. ತಾಗಿಸದೆ, ಉಗುರಿನಷ್ಟು ದೂರದಲ್ಲಿ ಮುಂದಿನಿಂದ ಹಿಂದಕ್ಕೆ ಆಡಿಸಿದೆ. ಸ್ಲೀವ್ ನಿಧಾನವಾಗಿ ಮೈ ಮುದುಡಿಕೊಂಡು ವೈರಿಗೆ ಅಪ್ಪಿತು. ಪಕ್ಕದ ವೈರಿಗೆ ಒಂದು ಕಲೆಯಿಲ್ಲ. ಹಾಗೆಯೇ ಹಾರ್ನಿನದಕ್ಕೂ ಹಾಕಿದೆ. ಹುಣಸೂರಿನವನ ಗನ್ನನ್ನು ಮನಸ್ಸಿನಲ್ಲೇ ನಿವಾಳಿಸಿ ಎಸೆದೆ.

“ಯಾವ್ದವ್ವ ಅದು ಕೆಟ್ಟಿದ್ದ ವೈರು?” ಎಂದು ಟಾರ್ಚ್ ಹಿಡಿದಿದ್ದ ಅವ್ವ ಬಗ್ಗಿ ನೋಡಿದಳು.

“ಇದು ನೋಡು, ಕಪ್ಪು ಗೆರೆ ಇರೋ ಕೆಂಪುದು. ಇದೊಂದು ಓದ್ರೆ ಗಾಡಿ ಸತ್ತಂಗೆ” ಎಂದು ಬೀಗುತ್ತ ತೋರಿಸಿದೆ. ಹಲಗೆಗೆ ಸ್ಕ್ರೂ ಹಾಕುವಾಗ, ಬೇಕೆಂದಾಗ ಬಿಚ್ಚಲು ಸುಲಭವಾಗಲಿ ಎಂದು ಒಂದನ್ನಷ್ಟೇ ಕೈಯಲ್ಲಿ ತಿರುಗಿಸಿ ಬಿಟ್ಟೆ.

ಮಳೆ ಬಂತು, ಬಿಸಿಲು ಬಂತು, ಗಾಡಿ ಒಂದು ಸಲ ಕೆಮ್ಮಲಿಲ್ಲ. ಕ್ಯಾಂಪಿನ ತಿರುವಿನಲ್ಲಿ ಎಡಕ್ಕೆ ತಿರುಗಿಸಿ ಭರ್ರನೆ ಒಳಗೆ ಹೋಗುವಾಗ ನನ್ನ ಬಾಯಿ ತಾನಾಗಿ ಕಿವಿಯ ತನಕ ಹೋಗುತ್ತಿತ್ತು. ಯಜಮಾನಿಗೆ ಹಬ್ಬದ ಹೊಲಿಗೆ ರಾಶಿ ಬಿದ್ದಿತ್ತು. ಹೆಚ್ಚು ಹೊತ್ತು ಕೂತು ಹೊಲಿದೆ. ಅಣ್ಣನಿಗೆ ಫೋನ್ ಮಾಡುವುದೇ ತಪ್ಪಿತು. ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು. ಅವ್ವ ಜಗಲಿಯ ಮೇಲೆ ಕೂತು ರಸ್ತೆಯನ್ನೇ ನೋಡುತ್ತಿರುತ್ತಿದ್ದಳು. ಗಾಡಿಯ ದೀಪ ಕಂಡ ಕೂಡಲೇ ಎದ್ದು ಏನೂ ಆಗದವಳಂತೆ ಒಳಗೆ ಹೋಗುತ್ತಿದ್ದಳು. ಅದೇ ದಿನಗಳಲ್ಲಿ ಎಚ್.ಡಿ. ಕೋಟೆ ಕಡೆಯ ಅಂತರಸಂತೆಯಿಂದ ದೊಡ್ಡಮ್ಮ ಬಂದಿದ್ದಳು. ಅವರ ಊರ ರಸ್ತೆಯಲ್ಲಿ ಆನೆ ಅಡ್ಡ ಬಂದು ಬೈಕಿನವನೊಬ್ಬ ಬೈಕು ಬಿಟ್ಟು ಓಡಿ ಬದುಕಿದ್ದನ್ನು ಬಣ್ಣ ಹಚ್ಚಿ ಹೇಳಿದಳು. “ಓಡಾಕ್ ಕಾಲಿದ್ದೋ ಸರೋಯ್ತು” ಎಂದು ನನ್ನ ಕಡೆ ನೋಡಿ, ತುಟಿ ಕಚ್ಚಿಕೊಂಡಳು. ಅವ್ವ ಎದ್ದು ಕೊಟ್ಟಿಗೆಗೆ ಹೋದಳು.

ಹೊಗೆಸೊಪ್ಪು ಬೇಯಿಸುವ ಕಾಲ. ಆ ಕಾಲದಲ್ಲಿ ಅಣ್ಣ ಅತ್ತಿಗೆ ಇಬ್ಬರೂ ಸೊಪ್ಪು ನೇತುಹಾಕಿ ಬೇಯಿಸುವ ಮನೆಯ, ಹೊಲದ ಬ್ಯಾರನ್ನಿನ, ಹತ್ತಿರವೇ ಮಲಗುತ್ತಾರೆ, ಒಲೆಯ ಉರಿ ನೋಡಿಕೊಳ್ಳಲು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಹಾಗಿದ್ದ ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಗಾಡಿಯಲ್ಲಿ ಉಸಿರಿಲ್ಲ. ಎಡಕ್ಕಿಲ್ಲ, ಬಲಕ್ಕಿಲ್ಲ, ನೇರಕ್ಕೂ ಇಲ್ಲ. ಅದೇ ಗಳಿಗೆಗೆ ಕಾಫಿಗೆಂದು ಬಂದ ಅಣ್ಣ ತಾನೂ ಒತ್ತಿ ನೋಡಿದ.

“ನಾನ್ ಏಳ್ನಿಲ್ವಾ? ಧೂಪ ಆಕಿದ್ರೆ ಗಾಡಿ ಓಡ್ತದಾ? ನಿನ್ ಜಾಯಿಂಟು ಬುಟ್ಕಂಡದೆ” ಎಂದು ಕೀ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಬ್ಯಾರನ್ನಿಗೆ ಹೋದ. ಮೈಯೆಲ್ಲ ಹೊಗೆಸೊಪ್ಪಿನ ಘಾಟು. ಅವನು ಹೋದ ಮೇಲೂ ಅಂಗಳದಲ್ಲಿ ಆ ಘಾಟು ನಿಂತಿತ್ತು.

ನಾನು ಹಲಗೆ ತೆಗೆದೆ. ನನ್ನ ಸ್ಲೀವ್ ಹಾಕಿದ್ದ ಹಾಗೆಯೇ ಇತ್ತು, ಒಂದು ಕೂದಲಿನಷ್ಟೂ ಜಾರಿರಲಿಲ್ಲ. ಅದರ ಕೆಳಗೆ ಆ ಕೆಂಪು ವೈರು ಎರಡು ತುಂಡಾಗಿ ನೇತಾಡುತ್ತಿತ್ತು. ತಾನಾಗಿ ತುಂಡಾದ ವೈರಿನ ತುದಿ ಹಳೇ ಪೊರಕೆಯ ಹಾಗೆ ಎಳೆಎಳೆಯಾಗಿರುತ್ತದೆ. ಇಲಿ ಕಡಿದರೆ ಹಲ್ಲಿನ ಗುರುತು ಇರುತ್ತದೆ. ಇದು ಒಂದೇ ಸಮ, ನುಣ್ಣಗೆ, ಸ್ವಲ್ಪ ಓರೆಯಾಗಿ ಕತ್ತರಿಸಿದಂತಿತ್ತು. ಅಣ್ಣನೇ ಎಂದುಕೊಂಡೆ. ಪಿತ್ತ ನೆತ್ತಿಗೇರಿತು. ಬರಲಿ, ಅವನ ಗೂಡ್ಸ್ ಆಟೊಗೇ ಬೆಂಕಿ ಹಚ್ಚುತ್ತೇನೆ ಎಂದು ಹಲ್ಲು ಕಡಿಯುತ್ತ ಕೂತೆ.

ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಪಕ್ಕದ ಮನೆಯವಳು ಕೊಟ್ಟು ಹೋಗಿದ್ದ ಬ್ಲೌಸ್ ಪೀಸ್ ಹರಡಿ ಕತ್ತರಿ ತೆಗೆದೆ. ನನ್ನ ಕತ್ತರಿಯನ್ನು ನಾನು ಯಾರಿಗೂ ಮುಟ್ಟಿಸುವುದಿಲ್ಲ, ಒಂದು ಕಾಗದ ಕೂಡ ಅದರಲ್ಲಿ ಕತ್ತರಿಸಿಲ್ಲ. ಅಂಗಡಿಯಿಂದ ದಿನಾ ಬಟ್ಟೆಯಲ್ಲಿ ಸುತ್ತಿ ಮನೆಗೆ ತರುತ್ತಿದ್ದೆ. ಬೆಣ್ಣೆಯಂತೆ ಹೋಗುತ್ತಿದ್ದ ಕತ್ತರಿ ಆವತ್ತು ಬಟ್ಟೆಯ ನಡುವೆ ಗಕ್ಕನೆ ನಿಂತು ಎಳೆ ಕಚ್ಚಿತು. ಬೆಳಕಿಗೆ ಹಿಡಿದು ನೋಡಿದೆ. ಅಲಗಿನಲ್ಲಿ ಒಂದು ಸಣ್ಣ ಮುಕ್ಕು. ಮುಕ್ಕಿನ ಪಕ್ಕದಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಒಂದು ಚೂರು ಅಂಟಿತ್ತು.

ಅವ್ವ ಬಾಗಿಲ ಬಳಿ ಕೂತು ಸೊಪ್ಪು ಸೋಸುತ್ತಿದ್ದಳು.

“ಅವ್ವ, ನನ್ ಕತ್ರಿ ಮುಟ್ಟಿದ್ಯಾ?”

ಅವಳು ಸೊಪ್ಪಿನ ಕಡ್ಡಿಯನ್ನು ಬೆರಳಲ್ಲಿ ಸುತ್ತುತ್ತ ಕೂತಳು. ಆಮೇಲೆ ಹೇಳಿದಳು.

“ಊಂ ಕಣವ್ವ. ಈಳ್ಗೆಮಣೆ ಆ ಸಂದೀಗ್ ಓಗ್ನಿಲ್ಲ. ಚಾಕು ಆಕ್ದೆ, ಅದೂ ಆಗ್ನಿಲ್ಲ.”

ಕತ್ತರಿಯನ್ನು ಕೆಳಗಿಟ್ಟೆ. ಅವಳೇ ಮುಂದುವರಿಸಿದಳು.

“ಮುಂಚೆ ಗಾಡಿ ನಿಂತ್ರೆ ಫೋನ್ ಬತ್ತಿತ್ತು. ನೀನ್ ಎಲ್ಲಿದ್ದೀಯ ಅಂತ ಗೊತ್ತಾಯ್ತಿತ್ತು. ಈಗ ನಿಲ್ಲದೂ ಇಲ್ಲ, ಫೋನೂ ಇಲ್ಲ. ಕತ್ಲಾದ್ರೂ ಬರಾಕಿಲ್ಲ. ಎದೆ ಡವಡವ ಅಂತದೆ ಕಣವ್ವ. ಇಸ್ಕೂಲ್ಗೆ ನಿನ್ನ ಸೊಂಟದ್ ಮ್ಯಾಲೆ ಒತ್ಕಂಡು ಓಯ್ತಿದ್ದೆ. ಆವಾಗ ನೀನ್ ಎಲ್ಲಿದ್ದೀಯ ಅಂತ ನಾನ್ ಯಾರ್ನೂ ಕೇಳ್ಬೇಕಾಗಿರ್ನಿಲ್ಲ.”

ಇಂಥ ಕಡೆ ಕಣ್ಣಲ್ಲಿ ನೀರು ಬರಬೇಕೇನೋ. ನನಗೆ ಬರಲಿಲ್ಲ. ಹೇಸಿಗೆಯಾಯಿತು. ಆ ಮೆಕ್ಯಾನಿಕ್ಕಿನ ಎಂಜಲಿಗಿಂತ, ಹಲ್ಲಿಯ ಮೊಟ್ಟೆಗಿಂತ ಹೆಚ್ಚು ಹೇಸಿಗೆ. ಎಂಜಲನ್ನು ಸೀಗೆಪುಡಿ ಹಾಕಿ ತೊಳೆದಿದ್ದೆ. ಇದನ್ನು ಏನು ಹಾಕಿ ತೊಳೆಯಲಿ? ನನ್ನನ್ನು ಹೊತ್ತು ಸವೆದ ಸೊಂಟ ಅದು, ಬೈಯಲೂ ಬಾಯಿ ಬಾರದು. ಅವಳು ಟಾರ್ಚ್ ಹಿಡಿದು ಬಗ್ಗಿ ಬಗ್ಗಿ ನೋಡಿದ್ದು, ಯಾವ ವೈರು ಎಂದು ಕೇಳಿದ್ದು, ನಾನು ಬೀಗಿಕೊಂಡು ಬೆರಳಿಟ್ಟು ತೋರಿಸಿದ್ದು ಎಲ್ಲ ನೆನಪಾಗಿ ನನ್ನ ಮೇಲೂ ಅಸಹ್ಯವಾಯಿತು. ಅಣ್ಣನಾದರೂ ಎದುರಿಗೇ ಕೀ ಕಿತ್ತುಕೊಂಡ.

“ಏಳು” ಎಂದೆ.

“ಎಲ್ಲಿಗವ್ವ?”

“ಗಾಡಿ ತಾವ್ಕೆ. ನೀನ್ ಕತ್ರಿಸಿದ್ದು ನೀನೇ ಕೂಡ್ಸು.”

ವೈರಿನ ತುದಿಗಳನ್ನು ಸುಲಿದು ಕೊಟ್ಟೆ, ಬ್ಲೇಡಿನಲ್ಲಿ, ಹಲ್ಲಿನಲ್ಲಲ್ಲ. ಸ್ಲೀವನ್ನು ಮೊದಲೇ ಸರಿಸಿಟ್ಟೆ. ಅವ್ವ ಹೂ ಕಟ್ಟುವ ಬೆರಳುಗಳಲ್ಲಿ ತಾಮ್ರ ಹೊಸೆದಳು. ಧೂಪದ ಮೋಟು ಹಚ್ಚಿ ಚಿಮಟದಲ್ಲಿ ಕಚ್ಚಿಸಿ ಅವಳ ಕೈಗೆ ಕೊಟ್ಟೆ, ಸ್ಟ್ರಾವನ್ನು ಅವಳ ಬಾಯಿಗಿಟ್ಟೆ. ಕೈ ನಡುಗಿತು. ಕೆಂಡ ಪಕ್ಕದ ವೈರಿನ ಕಡೆ ವಾಲಿದಾಗ ನಾನು ಅವಳ ಮಣಿಕಟ್ಟು ಹಿಡಿದೆ. ಸಹಾಯಕ್ಕಲ್ಲ, ಸಿಟ್ಟಿಗೆ. ಆದರೂ ಹಿಡಿದ ಮೇಲೆ ನಡುಕ ನಿಂತಿತು.

“ಮುಟ್ಟಿಸ್ಬೇಡ. ಅತ್ರ ಇಡ್ಕೊ. ಊದು.”

ಅವಳು ಊದಿದಳು. ಒಲೆ ಊದಿ ಪಳಗಿದ ಉಸಿರು. ಕೆಂಡ ಕೆಂಪಾಯಿತು. ಸ್ಲೀವ್ ಮುದುಡತೊಡಗಿತು. ಅವ್ವ ಸ್ಟ್ರಾ ಉಗಿದು, ಕತ್ತರಿಸಿದ್ದು ತಾನೆಂಬುದನ್ನೇ ಮರೆತು ಕೂಗಿದಳು.

“ಕುಗ್ತು ಕಣವ್ವ! ನೋಡಿಲ್ಲಿ, ಕುಗ್ತು!”

ನಾನು ಮುಖ ತಿರುಗಿಸಿಕೊಂಡೆ.

ಮಧ್ಯಾಹ್ನ ಅಣ್ಣ ಊಟಕ್ಕೆ ಬಂದ. ಅವನು ಕೈ ತೊಳೆಯುವ ಮುಂಚೆಯೇ ಅವ್ವ ಎದುರಿಗೆ ನಿಂತಳು.

“ಕೀ ಕೊಡ್ಲಾ.”

“ಯಾಕವ್ವ? ಅವ್ಳ್ ಜಾಯಿಂಟು ಬುಟ್ಕಂಡದೆ ಅಂತ...”

“ಈಗ ಆಕಿರೋದು ನನ್ ಜಾಯಿಂಟು. ಬುಟ್ಕಂಡ್ರೆ ನನ್ನ ಕೇಳು. ಕೀ ಕೊಡು ಅಂದೆ.”

ಅಣ್ಣ ನನ್ನನ್ನೂ ಅವ್ವನನ್ನೂ ಬಾಯಿ ಬಿಟ್ಟುಕೊಂಡು ನೋಡಿದ. ಅವನ ಕಣ್ಣು ನನ್ನ ಮೇಲೆ ನಿಂತಿತು. ನನ್ನ ಜಾಯಿಂಟು ಬಿಟ್ಟಿಲ್ಲ, ಒಂದು ಕೂದಲೂ ಜಾರಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವ್ವ ನನ್ನ ಕಡೆ ತಿರುಗಲಿಲ್ಲ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲೂ ಇಲ್ಲ. ನುಂಗಿಕೊಂಡೆ. ಉಪ್ಪು ಚಹಾಕ್ಕಿಂತ ಕಷ್ಟವಾಯಿತು ನುಂಗುವುದು. ಅಣ್ಣ ಗೊಣಗುತ್ತ ಕೀ ಕೊಟ್ಟ. ಬ್ಯಾಟರಿ ಕೂಡಿಸಿ ಒತ್ತಿದೆ. ಗಾಡಿಗೆ ಜೀವ ಬಂತು. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಮತ್ತೆ ಎಡಕ್ಕೆ. ನಿಲ್ಲಲಿಲ್ಲ.

“ನಾಳಿಕೆ ಓಯ್ತೀಯಾ?” ಎಂದು ಅವ್ವ ಕೇಳಿದಳು.

“ಓಯ್ತೀನಿ.”

“ಬರೋವಾಗ ಒಂದ್ ಫೋನ್ ಮಾಡು.”

“ಮಾಡ್ತೀನಿ” ಎಂದೆ. ಮಾಡುತ್ತಲೂ ಇದ್ದೇನೆ, ಹೊರಡುವ ಮುಂಚೆ, ದಿನಾ.

ಆ ಜಾಯಿಂಟು ಇನ್ನೂ ಬಿಟ್ಟಿಲ್ಲ. ಒಂದು ಕಡೆ ಗಂಟುಗಂಟಾಗಿ ಕುಗ್ಗಿದೆ, ನಾನಾಗಿದ್ದರೆ ಇನ್ನೂ ನೀಟಾಗಿ ಮಾಡುತ್ತಿದ್ದೆ. ಅವ್ವ ಮಾತ್ರ ಮನೆಗೆ ಬಂದವರಿಗೆಲ್ಲ, “ಗಾಡಿ ವೈರ್ ಕೂಡ್ಸಿದ್ದು ನಾನೇ ಕಣ್ರವ್ವ” ಎಂದು ಹೇಳಿಕೊಳ್ಳುತ್ತಾಳೆ. ಅಂತರಸಂತೆಯ ದೊಡ್ಡಮ್ಮನಿಗೂ ಫೋನಿನಲ್ಲಿ ಹೇಳಿದ್ದಾಳೆ. ನನ್ನ ಜಾಯಿಂಟು ಕೈಕೊಟ್ಟಿತ್ತು ಎಂದು ಅಣ್ಣ ಊರೆಲ್ಲ ಹೇಳಿಕೊಂಡು ನಗುತ್ತಾನೆ. ನಿಜ ಏನೆಂದು ನಾನು ಬಾಯಿ ಬಿಟ್ಟಿಲ್ಲ. ಕತ್ತರಿಯನ್ನು ಮಾತ್ರ ಈಗ ಮನೆಗೆ ತರುವುದಿಲ್ಲ. ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ.